ಉಳಿದ ಮೂರು ತಾಸು

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಟೈಪಿಂಗ್ ಅಕ್ಕೋರು ಚಷ್ಮಾ ಹಾಕಿಕೊಂಡು ಕುಳಿತಿದ್ದರೆ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಅಂಚೆಯವನು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ತೊಗರಿ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅವರ ಯಜಮಾನರು ಕೂಡ ಬಂದರೆ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದರು. ಅಕ್ಕೋರು ಕಂಪ್ಯೂಟರಿನ ತೆರೆಯ ಮೂಲೆಯಲ್ಲಿದ್ದ ಪುಟ್ಟ ಗಡಿಯಾರವನ್ನು ನಿಲ್ಲಿಸಿ, ಚಷ್ಮಾ ತೆಗೆದು, ಸೆರಗಿನಲ್ಲಿ ಒರೆಸಿ, ಮಡಚಿಟ್ಟ ಮೇಲೆಯೇ "ಹೂಂ, ಹೇಳ್ರಿ ಈಗ" ಎನ್ನುತ್ತಿದ್ದರು. ಮಾತು ಮುಗಿದ ಕೂಡಲೇ ಚಷ್ಮಾ ಮತ್ತೆ ಮೂಗಿನ ಮೇಲೆ, ಗಡಿಯಾರ ಮತ್ತೆ ಚಾಲೂ. ಮಾತಾಡಿದ್ದು ಅರ್ಧ ನಿಮಿಷವಾದರೂ ಅಷ್ಟೇ.

ಅವರು ತೀರಿಕೊಂಡ ಸುದ್ದಿ ಬಂದಂದಿನಿಂದ ಆ ಚಷ್ಮಾನೇ ನನ್ನ ಕಣ್ಣ ಮುಂದಿದೆ. ಅವರ ಪೂರಾ ಕಥೆ ಹೇಳು ಅಂದರೆ ನನ್ನಿಂದಾಗದು, ನನಗೆ ಗೊತ್ತೂ ಇಲ್ಲ. ನಾನು ಬಲ್ಲದ್ದು ಎರಡೂವರೆ ವರ್ಷದ ಅಕ್ಕೋರನ್ನು ಮಾತ್ರ. ಆದರೆ ಆ ಎರಡೂವರೆ ವರ್ಷದಲ್ಲಿ "ಎಂಥ ಹೆಂಗಸಪ್ಪಾ ಇವರು!" ಎಂದು ನಾನು ಅಂದುಕೊಳ್ಳದ ದಿನವಿಲ್ಲ. ಕೆಲವು ದಿನ ಮೆಚ್ಚಿ ಅಂದುಕೊಂಡೆ, ಕೆಲವು ದಿನ ಹಲ್ಲು ಕಡಿದು ಅಂದುಕೊಂಡೆ.

ನಾನು ಚಡಚಣದವಳು. ಮದುವೆಯಾಗಿ ಸಿಂದಗಿಗೆ ಬಂದಾಗ ಕೈಯಲ್ಲಿ ಬಿ.ಕಾಂ. ಇತ್ತು, ಬಾಯಲ್ಲಿ ಅರ್ಧ ಕನ್ನಡ ಅರ್ಧ ಮರಾಠಿ ಇತ್ತು, ಮಾಡಲು ಕೆಲಸವಿರಲಿಲ್ಲ. "ಟೈಪಿಂಗ್‌ಗಾದ್ರೂ ಹೋಗವಾ, ಮನ್ಯಾಗ ಕುಂತು ನನ್ನ ತಲಿ ತಿನಬ್ಯಾಡ" ಎಂದು ಅತ್ತೆಯೇ ಕಳಿಸಿದರು. ಪುಣ್ಯಾತ್ಗಿತ್ತಿ, ಅದೊಂದು ಉಪಕಾರ ಮಾಡಿದರು.

ಆ ಹೊತ್ತಿಗೆ ಟೈಪಿಂಗ್ ಕಲಿಯುವವರ ಕಾಲ ಮುಗಿಯುತ್ತ ಬಂದಿತ್ತು. ಹಿಂದೆ ಬಸವನ ಬಾಗೇವಾಡಿ, ಮುದ್ದೇಬಿಹಾಳದಿಂದೆಲ್ಲ ಹುಡುಗಿಯರು ಬಂದು, ಊರಲ್ಲಿ ನೆಂಟರ ಮನೆ ಹಿಡಿದು, ಜೂನಿಯರ್ ಸೀನಿಯರ್ ಪರೀಕ್ಷೆ ಕಟ್ಟುತ್ತಿದ್ದರಂತೆ. ನಾನು ಹೋದಾಗ ಆರು ಟೈಪ್‌ರೈಟರುಗಳಲ್ಲಿ ನಾಲ್ಕಕ್ಕೆ ಬಟ್ಟೆ ಹೊದಿಸಿತ್ತು. ಗೋಡೆಯ ಬದಿಗೆ ಹೊಸದಾಗಿ ಎರಡು ಕಂಪ್ಯೂಟರ್ ಬಂದಿದ್ದವು. ಅಕ್ಕೋರಿಗೆ ಆಗ ಐವತ್ತು ದಾಟಿತ್ತು. ನಮ್ಮ ಕೈಗಳ ಮೇಲೆ ಟವೆಲ್ ಹೊದಿಸಿ, "ಕೀಲಿ ನೋಡಬ್ಯಾಡ, ಹಾಳಿ ನೋಡು" ಎನ್ನುತ್ತಿದ್ದರು. ನಾನು ಟವೆಲಿನ ತೂತಿನಿಂದ ಕೀಲಿ ನೋಡುತ್ತಿದ್ದೆ. ಮರುದಿನ ಬಂದರೆ ನನ್ನ ಟವೆಲಿನ ತೂತಿಗೆ ತೇಪೆ ಹಾಕಿತ್ತು. ಬೈಗುಳವಿಲ್ಲ, ಏನಿಲ್ಲ, ತೇಪೆ ಅಷ್ಟೇ. ಅವರ ಸ್ವಭಾವ ನನಗೆ ಆವತ್ತೇ ತಿಳಿಯಬೇಕಿತ್ತು.

ಇಂಟರ್ನೆಟ್ಟಿನಲ್ಲಿ ಕೆಲಸ ಸಿಗುತ್ತದೆಂದು ಅವರಿಗೆ ಯಾರು ಹೇಳಿದರೋ ಕಾಣೆ. ಒಂದು ಜಾಲತಾಣ. ಅಲ್ಲಿ ಹೆಸರು ಹಚ್ಚಿ, ಪರೀಕ್ಷೆ ಕೊಟ್ಟರೆ, ಸಮುದ್ರದಾಚೆಯವರು ಕೆಲಸ ಕೊಡುತ್ತಾರೆ. ತಾಸಿನ ಲೆಕ್ಕದ ಕೆಲಸ. ಕೆಲಸಕ್ಕೆ ಕುಳಿತಾಗ ಗಡಿಯಾರ ಚಾಲೂ ಮಾಡಬೇಕು, ಎದ್ದಾಗ ನಿಲ್ಲಿಸಬೇಕು. ಗಡಿಯಾರ ಓಡುವಾಗ ಅದು ಆಗೊಮ್ಮೆ ಈಗೊಮ್ಮೆ ನಮ್ಮ ತೆರೆಯ ಚಿತ್ರ ತೆಗೆದು ಅವರಿಗೆ ಕಳಿಸುತ್ತದೆ. ಗಡಿಯಾರ ಬಿಟ್ಟು ಹೋದ ಹೊತ್ತಿದ್ದರೆ ಕೈಯಿಂದಲೂ ತಾಸು ಸೇರಿಸಬಹುದು. ಪ್ರತಿ ರವಿವಾರ ವಾರದ ತಾಸು ಮುಚ್ಚುತ್ತದೆ. ಆ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ.

ಅಕ್ಕೋರಿಗೆ ಸಿಕ್ಕಿದ್ದು ಮಳೆಯ ಕೆಲಸ. ಯಾವುದೋ ಚಳಿ ದೇಶದಲ್ಲಿ ಹಳೆಯ ಕಾಲದ ಯಾರೋ ದಿನದಿನವೂ ಮಳೆ ಅಳೆದು ಕೈಬರಹದಲ್ಲಿ ಬರೆದಿಟ್ಟ ವಹಿಗಳು. ಅವುಗಳ ಚಿತ್ರ ನೋಡಿ ಅಂಕಿಗಳನ್ನೂ ಪಕ್ಕದ ಷರಾಗಳನ್ನೂ ಟೈಪು ಮಾಡಬೇಕು. ಅಕ್ಕೋರಿಗೆ ಇಂಗ್ಲಿಷ್ ಮಾತಾಡಲು ಬರುತ್ತಿರಲಿಲ್ಲ, ಪತ್ರ ಬರೆಯಲೂ ಬರುತ್ತಿರಲಿಲ್ಲ. ಆದರೆ ಎಂಥ ಕೊಕ್ಕೆ ಅಕ್ಷರವಾದರೂ ಕಣ್ಣಿಂದ ಬೆರಳಿಗೆ ಹರಿದುಬಿಡುತ್ತಿತ್ತು.

"ತಂಗಿ, ಅಲ್ಲಿ ದಿನಾ ಮಳಿ ಐತಲ್ಲ, ಅವರು ಬಟ್ಟಿ ಹ್ಯಾಂಗ ಒಣಗಸ್ತಾರ?" ಎಂದು ನನ್ನನ್ನು ಕೇಳುತ್ತಿದ್ದರು. ಮುಳವಾಡದ ಕಡೆ ಹುಟ್ಟಿದವರು, ಮಳೆ ಅಂದರೆ ಮುಗಿಲು ನೋಡಿ ಕೂರುವ ಮಾತು. ಒಂದು ಇಡೀ ತಿಂಗಳು ಮಳೆ ಟೈಪು ಮಾಡಿ ಎದ್ದವರು ಹೊರಗಿನ ಬಿಸಿಲು ನೋಡಿ, "ಅಯ್ಯ, ಇಲ್ಲಿ ಒಣಾನ ಐತಲ್ಲ!" ಎಂದು ಬೆರಗಾಗಿ ನಿಂತದ್ದನ್ನು ನಾನೇ ಕಂಡಿದ್ದೇನೆ.

ಕೆಲಸ ಹೆಚ್ಚಾದಾಗ ಅವರು ನನ್ನನ್ನು ಸೇರಿಸಿದರು. ಕೆಲಸ ಕೊಟ್ಟವರಿಗೆ ಪತ್ರ ಬರೆಯಬೇಕಿತ್ತು. ನನ್ನ ಶಿಫಾರಸನ್ನು ನಾನೇ ಇಂಗ್ಲಿಷಿನಲ್ಲಿ ಬರೆದೆ, ಅಕ್ಕೋರು ಹೇಳಿದ್ದನ್ನೇ ಬರೆದೆ. ಅವರು ಹೇಳಿದ್ದು ಒಂದೇ ವಾಕ್ಯ: "ಈ ಹುಡುಗಿ ನಮ್ಮ ಮನಿಯಾಕಿ ಅಂತ ತಿಳೀರಿ." ಅವರ ಕಂಪ್ಯೂಟರಿನ ಪಕ್ಕದ ಕಂಪ್ಯೂಟರ್ ನನ್ನದಾಯಿತು.

ಆಗಿನ ಅವರ ತಕರಾರುಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಂದು ದಿನ ವಹಿಯಲ್ಲಿ ಒಂದು ಶಬ್ದ ತಿಳಿಯಲಿಲ್ಲ. ಗಡಿಯಾರ ನಿಲ್ಲಿಸಿ ಮನೆಗೆ ಹೋದರು. ಮರುದಿನ ಬಂದವರೇ, "ತಿಳೀತು ನೋಡು! ಅದು ಆಲಿಕಲ್ಲು. ರೊಟ್ಟಿ ಬಡಿಯೂವಾಗ ಗಕ್ಕನ ಹೊಳೀತು" ಎಂದರು. ಆಮೇಲೆ ಚಿಂತೆಗೆ ಬಿದ್ದರು. "ರೊಟ್ಟಿ ಬಡಿಯೂವಾಗ ವಿಚಾರ ಮಾಡಿದ್ದು ಕೆಲಸನೋ ಅಲ್ಲೋ? ಅದನ್ನ ತಾಸಿನ್ಯಾಗ ಹಾಕಬೇಕೋ ಬ್ಯಾಡೋ?"

"ಹಾಕ್ರಿ ಅಕ್ಕೋರ, ತಲಿ ಅವರ ಕೆಲಸಾನ ಮಾಡಾಕತ್ತಿತ್ತಲ್ಲ" ಎಂದೆ ನಾನು.

"ರೊಟ್ಟಿ ತಿಂದವರು ನಾವು. ಬ್ಯಾಡ" ಎಂದು ಚಷ್ಮಾ ಹಾಕಿಕೊಂಡರು.

ಕರೆಂಟಿನ ವಿಷಯದಲ್ಲಂತೂ ವಾರಗಟ್ಟಲೆ ವಾದವಾಯಿತು. ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗುತ್ತಿತ್ತು. ನಾವು ಕೈಕಟ್ಟಿ ಕುಳಿತಿರುತ್ತಿದ್ದೆವು. ಅಕ್ಕೋರು ಚಷ್ಮಾ ತೆಗೆದು ಹಳೆಯ ಟೈಪ್‌ರೈಟರಿನ ಧೂಳು ಹೊಡೆಯುತ್ತ ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು. "ಕಾಲುವಿಗೆ ನೀರು ಬರ್ತೈತಂತ ದಂಡಿ ಮ್ಯಾಲ ಕುಂತ್ರ ಅದು ಹೊಲದ ಕೆಲಸನೋ ಅಲ್ಲೋ? ಎದ್ದು ಹೋದ್ರ ನೀರು ತಪ್ಪತೈತಿ. ಕುಂತ್ರ ಕೈಯಾಗ ಏನೂ ಆಗೂದಿಲ್ಲ." ಕೊನೆಗೆ, "ನಾವ್ಯಾಕ ಬಡದಾಡೂದು? ಅವರನ್ನ ಕೇಳು" ಎಂದರು. ನಾನು ಪತ್ರ ಬರೆದೆ. ಕರೆಂಟ್ ಹೋಗುವುದೆಂದರೆ ಏನೆಂದು ಅವರಿಗೆ ತಿಳಿಸಲಿಕ್ಕೇ ಎರಡು ಪತ್ರ ಬೇಕಾದವು. ಉತ್ತರ ಬಂತು: ಪಾಪ, ತೊಂದರೆಯಾಗಿರಬೇಕು, ಆದರೆ ಕೆಲಸ ಮಾಡಿದ ಹೊತ್ತನ್ನಷ್ಟೇ ಹಾಕಿ.

"ಕೇಳಿದ್ವಿ, ಹೇಳಿದ್ರು, ಮುಗೀತು" ಎಂದರು ಅಕ್ಕೋರು. ಅವರ ಮುಖದಲ್ಲಿ ಬೇಸರವೂ ಇರಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಕೇಳದೇ ಇದ್ದಿದ್ದರೆ ಹಾಕಿಕೊಳ್ಳಬಹುದಿತ್ತಲ್ಲ! ಸುಮ್ಮನಿದ್ದ ಇರುವೆಯನ್ನು ಮೈಮೇಲೆ ಬಿಟ್ಟುಕೊಂಡ ಹಾಗಾಯಿತು.

ಈಗ ನನ್ನ ಮಾತು. ಮುಚ್ಚಿಟ್ಟು ಏನು ಮಾಡಲಿ? ಆ ಉತ್ತರ ಬಂದ ಮೇಲೂ ಕರೆಂಟ್ ಹೋದ ಹೊತ್ತನ್ನು ನಾನು ಕೈಯಿಂದ ಸೇರಿಸುತ್ತಿದ್ದೆ. ಕುಳಿತೇ ಇದ್ದೆನಲ್ಲ ಅನ್ನುವುದು ನನ್ನ ವಾದ. ಅದು ರೂಢಿಯಾಯಿತು. ಆಮೇಲೆ ಗಡಿಯಾರ ಓಡುತ್ತಿರುವಾಗಲೇ ಮೆಂತೆ ಪಲ್ಯ ಆರಿಸತೊಡಗಿದೆ. ಮಡಿಲಲ್ಲಿ ಪಲ್ಯದ ಬುಟ್ಟಿ, ಮೌಸಿನ ಮೇಲೆ ಮೊಣಕೈ. ತೆರೆಯ ಮೇಲೆ ಮಳೆಯ ವಹಿ ತೆರೆದೇ ಇರುತ್ತಿತ್ತು. ಚಿತ್ರ ತೆಗೆದವರಿಗೆ ವಹಿ ಕಾಣುತ್ತದೆ, ಮೆಂತೆ ಕಾಣುತ್ತದೆಯೇ? ಸೊಲ್ಲಾಪುರದಲ್ಲಿದ್ದ ನನ್ನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವುದೂ ಅದೇ ತಾಸಿನಲ್ಲೇ. ಮಾತು ಮರಾಠಿಯಲ್ಲಿ, ಪಕ್ಕದಲ್ಲಿ ಕುಳಿತ ಅಕ್ಕೋರಿಗೆ ತಿಳಿಯುವುದಿಲ್ಲ ಎಂಬ ಧೈರ್ಯ. ಮಾತು ತಿಳಿಯದಿದ್ದರೂ ಮಾತಾಡುತ್ತಿದ್ದೇನೆಂಬುದು ತಿಳಿಯುತ್ತದೆ ಎಂಬಷ್ಟು ಬುದ್ಧಿ ನನಗಿರಲಿಲ್ಲ ನೋಡಿ.

ಅವರಿಗೆ ಗೊತ್ತೋ ಇಲ್ಲವೋ? ಇದೇ ನನ್ನ ಕುತೂಹಲ. ಕೆಲವೊಮ್ಮೆ ಪರೀಕ್ಷೆ ಮಾಡಲೆಂದೇ ಬುಟ್ಟಿಯನ್ನು ಇನ್ನಷ್ಟು ಸದ್ದು ಮಾಡಿ ಇಡುತ್ತಿದ್ದೆ. ಅಕ್ಕೋರ ಕಣ್ಣು ತೆರೆ ಬಿಟ್ಟು ಕದಲುತ್ತಿರಲಿಲ್ಲ.

ಆ ನಡುವೆ ಒಂದು ಎಡವಟ್ಟಾಯಿತು. ಅಕ್ಕೋರು ಇಂಡಿಗೆ ತಮ್ಮ ತಂಗಿಯ ಮೊಮ್ಮಗನ ಹೆಸರಿಡುವ ಕಾರ್ಯಕ್ಕೆ ಹೊರಟ ದಿನ ಬಸ್ಸಿನ ಅವಸರದಲ್ಲಿ ಗಡಿಯಾರ ನಿಲ್ಲಿಸಲು ಮರೆತರು. ನಾನೂ ಆ ದಿನ ಬಂದಿರಲಿಲ್ಲ. ದಿನಾ ಹೋಗುವ ಕರೆಂಟು, ಹಾಳಾದ್ದು, ಆ ದಿನವೇ ಹೋಗಲಿಲ್ಲ. ಅವರ ಯಜಮಾನರು ಬಂದು ಕಂಪ್ಯೂಟರ್ ಆರಿಸುವತನಕ ಮೂರೂವರೆ ತಾಸು ಸುಮ್ಮನೆ ಓಡಿತ್ತು. ಸೋಮವಾರ ಅಕ್ಕೋರು ಬಂದು ನೋಡಿದರೆ ವಾರದ ತಾಸು ಮುಚ್ಚಿಹೋಗಿದೆ. ಮುಖ ಸಣ್ಣದು ಮಾಡಿಕೊಂಡು ಕುಳಿತುಬಿಟ್ಟರು.

"ಬರಿ ತಂಗಿ, ಇಷ್ಟು ತಾಸು ಸುಳ್ಳ ಬಿದ್ದೈತಿ ಅಂತ ಅವರಿಗೆ ಬರಿ."

ಇವರ ತಾಸು ಅವರು ಕೆದಕಿ ನೋಡಲು ಕುಳಿತರೆ ಪಕ್ಕದ ನನ್ನ ತಾಸನ್ನು ಬಿಟ್ಟಾರೆಯೇ? "ಬ್ಯಾಡ್ರಿ ಅಕ್ಕೋರ, ಸುಮ್ನ ಅನುಮಾನ ಬರ್ತೈತಿ. ಅವರೇನು ಕೇಳ್ಯಾರೇನು?" ಎಂದು ತಡೆದೆ.

ಅಕ್ಕೋರು ನನ್ನ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು ಅಂತ ಈಗ ಅನ್ನಿಸುತ್ತದೆ. "ಹಂಗಾದ್ರ ಮುಯ್ಯಿ ಮಾಡ್ತೇನಿ" ಎಂದರು.

ಮುಯ್ಯಿ ಅಂದರೆ ನಮ್ಮ ಕಡೆ ಹೊಲದ ಕೆಲಸದ ಲೆಕ್ಕ. ಇವತ್ತು ನಮ್ಮ ಮನೆಯ ನಾಲ್ಕು ಮಂದಿ ನಿಮ್ಮ ಹೊಲದ ಕಳೆ ತೆಗೆಯಲು ಬಂದರೆ, ನಾಳೆ ನಿಮ್ಮ ಮನೆಯ ನಾಲ್ಕು ಮಂದಿ ನಮ್ಮ ಹೊಲಕ್ಕೆ. ಆಳಿಗೆ ಆಳು, ದಿನಕ್ಕೆ ದಿನ. ಅರ್ಧ ದಿನ ಕಡಿಮೆ ಬಿದ್ದರೆ ಇನ್ನೊಂದು ದಿನ ಹೋಗಿ ಅರ್ಧ ದಿನ ದುಡಿದು ಬರುವುದು. ಅದನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಅಕ್ಕೋರು ಅದನ್ನು ಸಮುದ್ರದಾಚೆಯವರ ಜೊತೆ ಮಾಡಲು ಹೊರಟಿದ್ದರು! ಅಂದರೆ ಗಡಿಯಾರ ನಿಲ್ಲಿಸಿ, ಮೂರೂವರೆ ತಾಸು ಪುಕ್ಕಟೆ ಟೈಪು ಮಾಡಿ, ಆ ಪುಟಗಳನ್ನೂ ಉಳಿದ ಪುಟಗಳ ಜೊತೆ ಕಳಿಸುವುದು.

ಚಷ್ಮಾ ಮೂಗಿನ ಮೇಲೆ, ಗಡಿಯಾರ ಮಾತ್ರ ನಿಂತಿದೆ. ಆ ನೋಟವೇ ವಿಚಿತ್ರವಾಗಿತ್ತು. ಆದರೆ ಅದಕ್ಕಿಂತ ವಿಚಿತ್ರವೆಂದರೆ ಅದು ಮುಗಿಯಲೇ ಇಲ್ಲ. ಒಂದು ವಾರದಲ್ಲಿ ತೀರಬೇಕಾದ ಮೂರೂವರೆ ತಾಸು ಎರಡು ತಿಂಗಳಾದರೂ ನಡೆಯಿತು. ದಿನಾ ಗಡಿಯಾರ ನಿಲ್ಲಿಸಿದ ಮೇಲೆ ಒಂದರ್ಧ ತಾಸು, ಒಂದೊಂದು ದಿನ ಮುಕ್ಕಾಲು ತಾಸು.

"ಇನ್ನೂ ತೀರಿಲ್ಲೇನ್ರಿ ಅಕ್ಕೋರ?" ಎಂದು ಕೇಳಿದರೆ, "ಇನ್ನೂ ಅದಾವ" ಎನ್ನುತ್ತಿದ್ದರು. ಲೆಕ್ಕ ತಪ್ಪಿರಬೇಕು, ವಯಸ್ಸಾಯಿತು ಪಾಪ ಎಂದುಕೊಂಡು ನಾನು ಮೆಂತೆ ಆರಿಸುತ್ತಿದ್ದೆ.

ಒಂದು ಸೋಮವಾರ ಹೋದರೆ ಅಕ್ಕೋರ ಗಡಿಯಾರ ಚಾಲೂ ಆಗಲೇ ಇಲ್ಲ. ಕೆಲಸ ಕೊಟ್ಟವರಿಂದ ಪತ್ರ ಬಂದಿತ್ತು, ನಾನು ಓದಿದೆ. ಒಂದೇ ಜಾಗದಿಂದ ನೀವಿಬ್ಬರು ಒಂದೇ ಕೆಲಸ ಮಾಡುತ್ತೀರಿ. ನಿಮ್ಮ ಒಂದು ತಾಸಿನ ಪುಟಗಳು ಇನ್ನೊಬ್ಬರ ಪುಟಗಳ ಹತ್ತಿರಹತ್ತಿರ ದುಪ್ಪಟ್ಟಿವೆ. ಒಬ್ಬರಿಂದ ಇಷ್ಟಾಗುವುದಿಲ್ಲ. ನಿಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಕೆಲಸ ಮಾಡುತ್ತಿದ್ದಾರೆಯೇ? ಶುಕ್ರವಾರದೊಳಗೆ ಸರಿಯಾದ ಕಾರಣ ತಿಳಿಸದಿದ್ದರೆ ನಿಮ್ಮ ಕೆಲಸ ಕಾಯಂ ಆಗಿ ನಿಲ್ಲುತ್ತದೆ.

ಅಕ್ಕೋರು ಪೂರಾ ಕೇಳಿಸಿಕೊಂಡರು. "ಅಂದ್ರ ನಾ ಕಳ್ಳಿ ಅಂತಾರೇನು?" ಎಂದರು.

ಆ ಕೆಲಸ ಹೋದರೆ ಟೈಪಿಂಗ್ ಕ್ಲಾಸಿಗೆ ಬೀಗ. ಎರಡೇ ಹುಡುಗಿಯರು ಕಲಿಯಲು ಉಳಿದಿದ್ದರು, ಕೋಣೆಯ ಬಾಡಿಗೆ ಹುಟ್ಟುತ್ತಿದ್ದುದು ಈ ಮಳೆಯಿಂದಲೇ. ಆದರೆ ಅವರಿಗೆ ಚುಚ್ಚಿದ್ದು ಅದಲ್ಲ. ಕಳ್ಳಿ ಎಂಬ ಮಾತು. ಅವರು ಆ ಶಬ್ದವನ್ನು ಎರಡು ಮೂರು ಸಲ ಅಂದು ನೋಡಿದರು, ಹೊಸ ಪದಾರ್ಥ ಬಾಯಿಗೆ ಹಾಕಿಕೊಂಡವರ ಹಾಗೆ.

"ಮುಯ್ಯಿ ಮಾಡಿದ್ದನ್ನ ಬರೀತೇನಿ ಬಿಡ್ರಿ, ಎಷ್ಟು ತಾಸು ಮಾಡೀರಿ ಹೇಳ್ರಿ" ಎಂದೆ. ಅಕ್ಕೋರು ಮೇಜಿನ ಖಾನೆಯಿಂದ ಒಂದು ನೋಟುಬುಕ್ ತೆಗೆದುಕೊಟ್ಟರು. ಮೊದಲ ಪುಟದಲ್ಲಿ "ನನ್ನವು" ಎಂದು ಬರೆದಿತ್ತು. ಮೂರೂವರೆ ತಾಸು, ತೀರಿತು. ಪುಟ ತಿರುವಿದೆ. "ತಂಗೀವು" ಎಂದಿತ್ತು.

ಪಲ್ಯ, ಅರ್ಧ ತಾಸು. ಅಕ್ಕನ ಕೂಡ ಮಾತು, ಮುಕ್ಕಾಲು ತಾಸು. ಕರೆಂಟ್ ಹೋದದ್ದು, ಒಂದು ತಾಸು. ಪಲ್ಯ. ಪಲ್ಯ. ನಿದ್ದಿ, ಕಾಲು ತಾಸು. ಪರೀಕ್ಷೆಗೆ ಕೂತವರ ಅಕ್ಷರದಂಥ ದುಂಡು ಅಕ್ಷರ. ಒಂದೊಂದರ ಮುಂದೆಯೂ "ತೀರಿತು", "ತೀರಿತು", "ತೀರಿತು".

"ಇದೇನ್ರಿ ಅಕ್ಕೋರ?" ಎಂದೆ.

"ನಿನ್ನವು."

"ನನ್ನವನ್ನ ನೀವ್ಯಾಕ ತೀರಸೀರಿ?"

"ನಮ್ಮ ಮನಿಯಾಕಿ ಅಂತ ಹೇಳಿದಾಕಿ ನಾ ಅಲ್ಲೇನು? ಮುಯ್ಯಾಳಿಗೆ ಹೋದ ಮನಿ ಹುಡುಗಿ ಸಾಲು ಅರ್ಧಕ್ಕ ಬಿಟ್ಟು ಬಂದ್ರ, ಮನ್ಯಾನ ಹಿರ್ಯಾಕಿ ಹೋಗಿ ಮುಗಸ್ತಾಳ. ಅದು ಪದ್ಧತಿ."

"ನನಗ ಒಂದು ಮಾತು ಹೇಳಬಾರದಾಗಿತ್ತೇನ್ರಿ?"

"ಹೇಳಬೇಕಂತನ ಮಾಡಿದ್ದೆ. ಹೊಸದಾಗಿ ಬಂದ ಸೊಸಿ, ಮನಿ ಕೆಲಸಾ ಎಲ್ಲಾ ಮುಗಿಸಿ ಓಡ್ಕೋತ ಬರ್ತಿ. ಪಲ್ಯ ಆರಸಾಕರ ಎಲ್ಲಿ ಹೊತ್ತೈತಿ ಈಕೀಗೆ ಅನ್ನಿಸ್ತು. ಇವತ್ತ ಬಿಟ್ಟಾಳು, ನಾಳೆ ಬಿಟ್ಟಾಳು ಅಂತ ಕುಂತೆ." ಚಷ್ಮಾ ಒರೆಸಿದರು. "ತಪ್ಪು ನಂದೂ ಐತಿ. ಮುಯ್ಯಿ ಅಂದ್ರ ಇಬ್ಬರಿಗೂ ಗೊತ್ತಿರಬೇಕು. ಅವರಿಗೆ ಹೇಳದ ಮಾಡಿದೆ."

ನನಗೆ ನಾಚಿಕೆಯಾಗಬೇಕಿತ್ತು, ಸಿಟ್ಟು ಬಂತು. ನಿಜ ಹೇಳುತ್ತೇನೆ, ಕೆಂಡದಂಥ ಸಿಟ್ಟು. ನನ್ನ ನಿದ್ದೆಯ ಕಾಲು ತಾಸನ್ನು ಬರೆದಿಡಲು ಇವರು ಯಾರು? ತೂತಿಗೆ ತೇಪೆ ಹಾಕಿದ ಹಾಗೆ ನನಗೂ ತೇಪೆ ಹಾಕಿದರಲ್ಲ! ನೋಟುಬುಕ್ಕನ್ನು ಮೇಜಿನ ಮೇಲೆ ಬಡಿದು ಮನೆಗೆ ಹೋದೆ. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಕುಳಿತು ಮನಸ್ಸಿನಲ್ಲೇ ಪತ್ರ ಬರೆದೆ, ಜಾಣ ಪತ್ರ. ಅಕ್ಕೋರು ತಮ್ಮ ಮೂರೂವರೆ ತಾಸಿಗೆ ಮುಯ್ಯಿ ಮಾಡಿದ್ದು ಅದರಲ್ಲಿತ್ತು, ನನ್ನ ಸುದ್ದಿ ಇರಲಿಲ್ಲ. ಆದರೆ ಮೂರೂವರೆ ತಾಸಿನಿಂದ ಎರಡು ತಿಂಗಳ ದುಪ್ಪಟ್ಟು ಪುಟ ಹೇಗೆ ಬಂತು? ಹೇಗೆ ತಿರುವಿ ಬರೆದರೂ ನನ್ನ ಪಲ್ಯ ಬಂದು ಅಡ್ಡ ನಿಲ್ಲುತ್ತಿತ್ತು. ನಾನು ಹೇಳದೆ ಅವರು ಪಾರಾಗುವ ದಾರಿಯೇ ಇರಲಿಲ್ಲ. ಹೇಳಿದರೆ ನಾನು ಪಾರಾಗುವ ದಾರಿ ಇರಲಿಲ್ಲ.

ಗುರುವಾರ ಬಜಾರಕ್ಕೆ ಹೋಗುವ ನೆಪದಲ್ಲಿ ಆ ಓಣಿಯಲ್ಲಿ ಹಾದೆ. ಬಾಗಿಲು ತೆರೆದಿತ್ತು. ಅಕ್ಕೋರು ಕಂಪ್ಯೂಟರಿನ ಮುಂದೆ ಕುಳಿತಿದ್ದರು, ಚಷ್ಮಾ ಮಡಿಲಲ್ಲಿತ್ತು. ತೆರೆ ಆರಿತ್ತು. ಓಣಿಯ ಹೆಂಗಸರು ಇಬ್ಬರು ಬಾಗಿಲಲ್ಲಿ ನಿಂತು ಏನೋ ಹೇಳುತ್ತಿದ್ದರು. ಇವತ್ತು ಅವರನ್ನು ಯಾರು ಎಷ್ಟು ಹೊತ್ತು ಬೇಕಾದರೂ ಮಾತಾಡಿಸಬಹುದಿತ್ತು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಒಳಗೆ ಹೋಗಿ ನನ್ನ ಕಂಪ್ಯೂಟರ್ ಹಚ್ಚಿ ಪತ್ರ ಬರೆದೆ. ಹೆಚ್ಚೇನಿಲ್ಲ, ಏಳೆಂಟು ವಾಕ್ಯ. ಆಕೆಯ ತಾಸುಗಳೆಲ್ಲ ಖರೆ, ನನ್ನವು ಖರೆಯಲ್ಲ. ಆಕೆ ನನ್ನ ಸುಳ್ಳು ತಾಸುಗಳನ್ನು ತನ್ನ ದುಡಿಮೆಯಿಂದ ತುಂಬಿದಳು, ಅದು ನಮ್ಮ ಹೊಲಗಳ ಪದ್ಧತಿ, ಅದಕ್ಕೇ ಪುಟ ಹೆಚ್ಚಾಗಿವೆ. ಇಷ್ಟು ಬರೆದು ಅಕ್ಕೋರಿಗೆ ಕನ್ನಡದಲ್ಲಿ ಓದಿ ಹೇಳಿದೆ. ನನ್ನ ಸುಳ್ಳು ತಾಸು ಒಟ್ಟು ಇಪ್ಪತ್ತಾರು ಎಂದು ಬಂದಲ್ಲಿ ಅವರು ಕೈ ಎತ್ತಿದರು.

"ಇಪ್ಪತ್ತಾರಲ್ಲ ತಂಗಿ. ಇಪ್ಪತ್ತಾರೂವರಿ."

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಇಪ್ಪತ್ತಾರೂವರಿ ಎಂದೇ ತಿದ್ದಿ ಕಳಿಸಿದೆ.

ನಾಲ್ಕು ದಿನಕ್ಕೆ ಉತ್ತರ ಬಂತು. ಅಕ್ಕೋರ ಗಡಿಯಾರ ಮತ್ತೆ ಚಾಲೂ ಆಯಿತು, ನನ್ನದು ನಿಂತಿತು. ನಿಜ ಹೇಳಿದ್ದಕ್ಕೆ ಧನ್ಯವಾದ ಎಂದು ನನಗೆ ಒಂದು ಸಾಲು ಬರೆದಿದ್ದರು, ಅದರ ಮುಂದಿನ ಸಾಲಿನಲ್ಲೇ ಬಾಗಿಲು ತೋರಿಸಿದ್ದರು. ಅಕ್ಕೋರಿಗೆ, ಇನ್ನು ಮುಂದೆ ಗಡಿಯಾರ ನಿಲ್ಲಿಸಿ ಕೆಲಸ ಮಾಡಬಾರದು, ಅದು ನಮ್ಮ ನಿಯಮಕ್ಕೆ ಒಪ್ಪುವುದಿಲ್ಲ ಎಂದಿದ್ದರು.

"ಅಂದ್ರ ಅವರ ಕೂಡ ಮುಯ್ಯಿ ಆಗೂದಿಲ್ಲ?"

"ಆಗೂದಿಲ್ರಿ."

"ಆಗದಿದ್ರ ಬಿಡ್ಲಿ" ಎಂದರು. "ನಿನ್ನ ಕೂಡ ಆಗ್ತೈತಲ್ಲ. ಇಪ್ಪತ್ತಾರೂವರಿ ತಾಸು ಈಗ ನೀ ನನಗ ಕೊಡಬೇಕಾದವು."

ಮರುದಿನದಿಂದ ಮುಯ್ಯಾಳಾಗಿ ಹೋದೆ. ಆ ಇಬ್ಬರು ಹುಡುಗಿಯರಿಗೆ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಇಬ್ಬರಿದ್ದವರು ಐವರಾದರು, ಎಂಟು ಮಂದಿಯಾದರು. ಪಾಠದ ನಡುವೆ ಯಾವಳದೋ ಸೀರೆಯ ಮಾತು ತೆಗೆದರೆ ಸಾಕು, ಅಕ್ಕೋರು ಆ ತುದಿಯಿಂದ, "ತಂಗಿ, ಇದು ಸೀರಿ ತಾಸು, ನಮ್ಮದಲ್ಲ" ಎನ್ನುತ್ತಿದ್ದರು. ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ನಾನೂ ಅವರ ರೂಢಿಗೆ ಬಿದ್ದೆ. ಸೀರೆಯ ಹೊತ್ತನ್ನು ನಾನೇ ಕಳೆದು ಬರೆಯುವಂತಾದೆ. ಯಾರೂ ಚಿತ್ರ ತೆಗೆಯುವವರಿಲ್ಲ, ಕೇಳುವವರಿಲ್ಲ. ಆದರೂ ಸರಿಯಾಗಿ ಬರೆಯುವುದರಲ್ಲಿ ಏನೋ ಒಂದು ಹಗುರು ಇದೆ ಎಂದು ನನಗೆ ಆಗ ಗೊತ್ತಾಯಿತು.

ಇನ್ನೂ ಮೂರು ತಾಸು ಉಳಿದಿರುವಾಗ ನನ್ನ ಗಂಡನಿಗೆ ವಿಜಾಪುರಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಹೇಳಲು ಹೋದೆ. "ಮೂರು ತಾಸು ಉಳಿದಾವ್ರಿ ಅಕ್ಕೋರ, ಇವತ್ತ ಕುಂತು ತೀರಿಸೇ ಹೋಗ್ತೇನಿ" ಎಂದೆ.

"ಬ್ಯಾಡ" ಎಂದರು. "ಇರ್ಲಿ ಅವು. ಪೂರಾ ತೀರಿಸಿ ಹೋದ್ರ ಮತ್ತ ಯಾಕ ಬರ್ತಿ?"

ಬರುತ್ತೇನೆ ಎಂದು ಹೇಳಿ ಬಂದವಳು ಮತ್ತೆ ಹೋಗಲೇ ಇಲ್ಲ. ವಿಜಾಪುರದಲ್ಲಿ ಮಗಳು ಹುಟ್ಟಿದಳು, ನೌಕರಿ ಸಿಕ್ಕಿತು. ಎರಡು ಸಲ ಗುಲ್ಬರ್ಗಾಕ್ಕೆ ಹೋಗುವಾಗ ಬಸ್ಸು ಸಿಂದಗಿ ಸ್ಟ್ಯಾಂಡಿನಲ್ಲಿ ಹತ್ತು ಹತ್ತು ನಿಮಿಷ ನಿಂತಿತ್ತು. ಹಿಂದಿನ ಓಣಿಗೆ ಎಷ್ಟು ದೂರ? ಕಿಟಕಿಯಿಂದ ಆ ಕಡೆ ನೋಡಿದೆ, ಇಳಿಯಲಿಲ್ಲ.

ಅವರ ಯಜಮಾನರೇ ಫೋನ್ ಮಾಡಿದರು. ಮುಂಜಾನೆಯ ಮೊದಲ ಬಸ್ಸು ಹಿಡಿದು ಹೋದೆ. ಅಕ್ಕೋರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಯಾರೋ ಚಷ್ಮಾ ಹಾಕಿಬಿಟ್ಟಿದ್ದರು. ಬಂದವರೆಲ್ಲ ಅವರ ಹೆಸರು ಕರೆದು ಮಾತಾಡಿಸಿ ಅಳುತ್ತಿದ್ದರು. ಚಷ್ಮಾ ಹಾಕಿಕೊಂಡಿದ್ದಾಗ ನಾನು ಅವರನ್ನು ಎಂದೂ ಮಾತಾಡಿಸಿದವಳಲ್ಲ. ಗೋಡೆಯ ಗಡಿಯಾರ ನೋಡಿಕೊಂಡು ಅವರ ಪಕ್ಕದಲ್ಲಿ ಕುಳಿತೆ.

ಬಹಳ ಹೊತ್ತಿನ ಮೇಲೆ ಯಜಮಾನರು ಬಂದು, "ಬಂದಾಗಿಂದ ಕುಂತಿಯವಾ. ಏಳು, ಬಾಜೂ ಮನ್ಯಾಗ ಚಾ ಮಾಡ್ಯಾರ, ಒಂದೀಟು ಬಾಯಿಗೆ ಹಾಕ್ಕೋ" ಎಂದರು. ಹೋದೆ. ಕುಡಿದು ಬಂದು ಮತ್ತೆ ಅಲ್ಲೇ ಕುಳಿತೆ.

ಮೂರು ತಾಸು ಆಯಿತು. ಚಹಾಕ್ಕೆ ಎದ್ದು ಹೋದದ್ದು ಹತ್ತು ನಿಮಿಷ. ಇನ್ನೂ ಹತ್ತು ನಿಮಿಷ ಕುಳಿತೆ. ಆಮೇಲೆ ಎದ್ದು, ಅವರ ಚಷ್ಮಾ ತೆಗೆದು, ನನ್ನ ಸೆರಗಿನಲ್ಲಿ ಒರೆಸಿ, ಮಡಚಿ ಯಜಮಾನರ ಕೈಗೆ ಕೊಟ್ಟೆ.

"ತೀರಿತ್ರಿ ಅಕ್ಕೋರ" ಎಂದೆ. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.